ಕುಮಟಾದಿಂದ ಗೋಕರ್ಣ: ಬೈಕನ್ನು ದೋಣಿ ಹತ್ತಿಸುವುದು ಹೇಗೆ?

ಹೆದ್ದಾರಿ 66 ಹಿಡಿದು ಹೋದರೆ ಗೋಕರ್ಣ ಬೇಗ ಸಿಗುತ್ತದೆ, ಕಡಲು ಸಿಗುವುದಿಲ್ಲ. ಕಡಲು ಬೇಕು ಅನ್ನುವವರು ಕುಮಟಾದಿಂದ ಬಾಡ, ಕಾಗಾಲದ ಮೇಲೆ ಅಘನಾಶಿನಿ ಊರಿಗೆ ಹೋಗಬೇಕು. ಅಲ್ಲಿಂದ ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ದೋಣಿಯಲ್ಲಿ, ಆಚೆ ದಡಕ್ಕೆ ಹೋದರೆ ತದಡಿ. ಜನ ಬೈಕು ಬೀಳಿಸಿಕೊಳ್ಳುವುದು ಈ ತಾರಿ ಹತ್ತುವಾಗಲೇ.

1. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೊರಡಿ. ಮಳೆಗಾಲದಲ್ಲಿ ಖಂಡಿತ ಬೇಡ. ಅಘನಾಶಿನಿ ಹೊಳೆಗೆ ಅಣೆಕಟ್ಟಿಲ್ಲ, ಶಿರಸಿ ಕಡೆ ಸುರಿದದ್ದೆಲ್ಲ ನೇರ ಅಳಿವೆಗೇ ಬರುತ್ತದೆ.

2. ಬೈಕ್ ಅಥವಾ ಸ್ಕೂಟರ್ ಇರಲಿ. ಕಾರಿನವರು ಹೆದ್ದಾರಿಯಲ್ಲೇ ಹೋಗಿ ಮಿರ್ಜಾನ್ ಕೋಟೆ ನೋಡಿ, ಮಾದನಗೇರಿಯಲ್ಲಿ ಎಡಕ್ಕೆ ತಿರುಗುವುದು ವಾಸಿ. ಮೊಬೈಲ್ ಮ್ಯಾಪಿನಲ್ಲಿ ಹೊಳೆಗೆ ಅಡ್ಡ ಗೆರೆ ಕಂಡರೆ ಅದು ತಾರಿ, ಸೇತುವೆಯಲ್ಲ!

3. ಭರತ, ಅಂದರೆ ಉಬ್ಬರ, ಇರುವ ಹೊತ್ತು ನೋಡಿಕೊಳ್ಳಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ. ಹಿಂದಿನ ದಿನವೇ ಊರವರನ್ನು ಕೇಳಿಬಿಡಿ. ಇಳಿತದಲ್ಲಿ ಜನ ಹೊಳೆಗೆ ಇಳಿದು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವುದನ್ನು ನೋಡಲು ಚೆಂದ, ಬೈಕು ಹತ್ತಿಸಲು ಅಲ್ಲ. ದೋಣಿ ತಗ್ಗಿಗೆ ಹೋಗಿರುತ್ತದೆ, ನೀರು ಸರಿದ ಜಾಗವೆಲ್ಲ ಪಾಚಿ. ಕೊನೆಯ ತಾರಿಯನ್ನು ನಂಬಿಕೊಂಡು ಹೋಗಬೇಡಿ.

4. ಈಗ ಹತ್ತಿಸುವುದು. ಮೊದಲು ಬ್ಯಾಗೆಲ್ಲ ಇಳಿಸಿ. ಸೋಮಾರಿತನಕ್ಕೆ ಕಟ್ಟಿದ ಹಾಗೇ ಬಿಟ್ಟರೆ ಬೈಕು ಹಿಂದಕ್ಕೆ ಜಗ್ಗುತ್ತದೆ. ಎಂಜಿನ್ ಆಫ್ ಮಾಡಿ. ಸೀಟಿನ ಮೇಲೆ ಕೂತು ಇಳಿಸುವ ಶೂರತನ ಬೇಡ, ಬೈಕಿನ ಎಡಕ್ಕೆ ನಿಂತು ತಳ್ಳಿ. ಇಳಿಜಾರಿನಲ್ಲಿ ಎಲ್ಲರ ಕೈಯೂ ಮುಂದಿನ ಬ್ರೇಕಿಗೇ ಹೋಗುತ್ತದೆ. ಪಾಚಿಯ ಮೇಲೆ ಅದನ್ನು ಹಿಡಿದಿರೋ, ಮುಂಚಕ್ರ ಜಾರಿ ಬೈಕು ಮಲಗುತ್ತದೆ. ಅದರ ಬದಲು ಫಸ್ಟ್ ಗೇರಿಗೆ ಹಾಕಿ, ಕ್ಲಚ್ ಒತ್ತಿ. ಸ್ವಲ್ಪ ಬಿಟ್ಟರೆ ಹಿಂಚಕ್ರ ಕಚ್ಚುತ್ತದೆ, ಒತ್ತಿದರೆ ಉರುಳುತ್ತದೆ. ಹೀಗೆ ಗೇಣುಗೇಣಾಗಿ ಇಳಿಸಿ. ಸ್ಕೂಟರಿನವರಿಗೆ ಈ ತಾಪತ್ರಯ ಕಡಿಮೆ, ಎಡಗೈ ಬ್ರೇಕು ಹಿಂಚಕ್ರದ್ದು ಅಲ್ವಾ. ಆದರೆ ಕಾಂಬಿ ಬ್ರೇಕಿನ ಹೊಸ ಸ್ಕೂಟರುಗಳಲ್ಲಿ ಅದು ಮುಂಚಕ್ರವನ್ನೂ ಹಿಡಿಯುತ್ತದೆ, ಮೆಲ್ಲಗೆ ಒತ್ತಿ.

ದೋಣಿಯ ಅಂಚಿಗೆ ಬಂದಾಗ ನಿಲ್ಲಿ. ತಾರಿಯವರು ಹೇಳುವವರೆಗೆ ತಳ್ಳಬೇಡಿ. ಅಲೆಗೆ ದೋಣಿ ಯಾವಾಗ ಮೇಲೇಳುತ್ತದೆ ಅಂತ ಅವರಿಗೆ ಗೊತ್ತು. ಒಬ್ಬರು ಹ್ಯಾಂಡಲ್, ಇನ್ನೊಬ್ಬರು ಹಿಂದಿನ ಕ್ಯಾರಿಯರ್ ಹಿಡಿಯಲಿ. ಸೈಲೆನ್ಸರ್ ಮುಟ್ಟಬೇಡಿ, ಅಂಗೈ ಸುಡುತ್ತದೆ. ಒಳಗೆ ಹೋದ ಮೇಲೆ ಸ್ಟ್ಯಾಂಡ್ ಹಾಕಿ, ಗೇರಿನಲ್ಲೇ ಬಿಡಿ, ಮುಂದಿನ ಬ್ರೇಕ್ ಲಿವರ್ ಎಳೆದು ಹಳೇ ಟ್ಯೂಬಿನ ತುಂಡಿನಿಂದ ಕಟ್ಟಿ. ಸುಮ್ನೆ ದಾರದಲ್ಲಿ ಕಟ್ಟಿದರೆ ಸಡಿಲವಾಗುತ್ತದೆ. ಆಮೇಲೂ ಪಕ್ಕದಲ್ಲೇ ನಿಂತು ಹಿಡಿದುಕೊಂಡಿರಿ. ಸೆಲ್ಫಿ ತದಡಿಯಲ್ಲಿ.

5. ತದಡಿಯಲ್ಲಿ ಇಳಿಸುವಾಗ ಇದೆಲ್ಲ ಉಲ್ಟಾ. ಮುಂದೆ ಬೇಲೆಕಾನ ಕಡೆಯಿಂದ ಗೋಕರ್ಣಕ್ಕೆ ಹೋಗಿ. ಮರಳಿನ ಮೇಲೆ ಓಡಿಸುವ ಅಡ್ಡದಾರಿ ಬೇಡ, ಚಕ್ರ ಹೂತರೆ ತಳ್ಳಲು ಜನ ಹುಡುಕಬೇಕು. ಪ್ಯಾರಡೈಸ್ ಬೀಚಿಗೆ ನಡೆದೇ ಹೋಗಿ.

6. ಅವತ್ತು ರಾತ್ರಿಯೇ ಸಿಹಿನೀರಿನಲ್ಲಿ ಬೈಕು ತೊಳೆಯಿರಿ. ಉಪ್ಪು ಒಣಗಿದರೆ ಚೈನಿಗೆ ತುಕ್ಕು ಗ್ಯಾರಂಟಿ. ತೊಳೆದು ಒರೆಸಿದ ಮೇಲೆ ಗೇರ್ ಆಯಿಲ್ ಹಚ್ಚಿ. ತುಕ್ಕು ಬಿಡಿಸುವ ಸ್ಪ್ರೇಯನ್ನೇ ಚೈನ್ ಎಣ್ಣೆ ಅಂತ ಮಾರುವವರಿದ್ದಾರೆ. ಅದು ನೀರಿನ ಹಾಗೆ ಹರಿದುಹೋಗುತ್ತದೆ, ದುಡ್ಡು ದಂಡ.