ನಂಬರ್ ಬದಲಾಯ್ತು, ಗಿರಾಕಿಗಳು ಉಳಿದರು

ವಾಟ್ಸಾಪ್ ನಂಬರ್ ಬದಲಾಯಿಸ್ತೀನಿ ಅಂದಾಗ ಮೊಬೈಲ್ ಅಂಗಡಿಯವನೇ ನಕ್ಕ. 'ಕಾಫಿ ಪುಡಿ ವ್ಯಾಪಾರ ಸಾಕಾಯ್ತಾ ಅಣ್ಣ?' ಮನೆಯವಳದ್ದೂ ಅದೇ ರಾಗ. ತಪ್ಪೇನಿಲ್ಲ, ಒಮ್ಮೆ ಕೈ ಸುಟ್ಟುಕೊಂಡವನೇ ನಾನು.

ವ್ಯಾಪಾರವೆಲ್ಲ ನಡೀತಿದ್ದದ್ದು ಭಾವನ ಹೆಸರಿನ ಸಿಮ್ಮಿನಲ್ಲಿ. 2 ವರ್ಷದ ಹಿಂದೆ ಅವರು ಅದನ್ನು ವಾಪಸ್ ಕೇಳಿದರು. ನಾನು ಮಹಾ ಬುದ್ಧಿವಂತನ ಹಾಗೆ ಫೋನಿನಿಂದ ವಾಟ್ಸಾಪ್ ಆ್ಯಪ್ ಅಳಿಸಿ, ಹೊಸ ನಂಬರಿನಲ್ಲಿ ಮೊದಲಿಂದ ಶುರು ಮಾಡಿದೆ. 40 ಚಿಲ್ಲರೆ ಗ್ರೂಪುಗಳಲ್ಲಿ ಒಂದೂ ಇಲ್ಲ! ಹಳೇ ನಂಬರಿಗೆ ಕಳಿಸಿದ ಆರ್ಡರುಗಳು ಗಿರಾಕಿಗಳ ಫೋನಿನಲ್ಲಿ ಒಂದೇ ಟಿಕ್ ಇಟ್ಟುಕೊಂಡು ಕೂತಿದ್ದವು. 10-11 ದಿನ ನೋಡಿ, ಸೋತು ಹಳೇ ನಂಬರನ್ನೇ ಹಾಕಿದೆ. ಟಣ್ ಟಣ್ ಅಂತ ಒಂದೊಂದೇ ಬಂದು ಬಿದ್ದವು. ಎಲ್ಲ ಗೌರಿ ಹಬ್ಬದ ಆರ್ಡರ್. ಹಬ್ಬ ಮುಗಿದಿತ್ತು. ಹುರಿದು ಪುಡಿ ಮಾಡಿಟ್ಟಿದ್ದ 18 ಕೆಜಿ ಘಮ ಕಳೆದುಕೊಂಡು ಅರ್ಧ ರೇಟಿಗೆ ಹೋಟೆಲ್ ಸೇರಿತು. 4-5 ಸಾವಿರ ಹೋಯ್ತು. ಭಾವ ಪಾಪ ಸುಮ್ಮನಾದರು.

ಈ ವರ್ಷ ಮತ್ತೆ ಕೇಳಿದರು. ಈ ಸಲ ಏನೂ ಅಳಿಸಲಿಲ್ಲ. ಸೆಟ್ಟಿಂಗ್ಸ್‌ನಲ್ಲಿರುವ 'ಚೇಂಜ್ ನಂಬರ್' ಹಿಡಿದೆ. ಮೊದಲ ಪ್ರಯತ್ನ ಆಲ್ದೂರು ಕಡೆಯ ತೋಟದ ಮನೆಯಲ್ಲಿ. ರೇಂಜ್ ಅಂದರೆ ಕಣದ ಮೂಲೆಯಲ್ಲಿ ಒಂದು ಕಡ್ಡಿ. 6 ಅಂಕಿಯ ಕೋಡ್ ಬರಲೇ ಇಲ್ಲ. ಒತ್ತಿದಷ್ಟೂ ಕಾಯುವ ಹೊತ್ತು ಜಾಸ್ತಿ ಆಗ್ತಾ ಹೋಯ್ತು. ಮಾರನೇ ದಿನ ಚಿಕ್ಕಮಗಳೂರಿಗೆ ಬಂದು ಐ.ಜಿ. ರಸ್ತೆಯಲ್ಲಿ ಬೈಕ್ ಮೇಲೆ ಕೂತೇ ಮುಗಿಸಿದೆ. ಚಾಟು, ಗ್ರೂಪು ಎಲ್ಲ ಹಾಗೇ ಇತ್ತು.

ಯಾರಿಗೆ ತಿಳಿಸಬೇಕು ಅಂತ ಅದು ಕೇಳುತ್ತೆ. ನಾನು ಬಾಕಿ ಕೊಡಬೇಕಿದ್ದ ಇಬ್ಬರನ್ನು ಮೆಲ್ಲಗೆ ಬಿಟ್ಟೆ. ಆದರೆ ಗ್ರೂಪುಗಳಿಗೆ ಅದು ಕೇಳದೇ ಹೇಳಿಬಿಡುತ್ತೆ. ಅವರಲ್ಲೊಬ್ಬರು ಮೆಣಸಿನ ರೇಟಿನ ಗ್ರೂಪಿನಲ್ಲಿದ್ದರು. ಸಂಜೆಗೇ ಫೋನ್ ಬಂತು.

ನಿಜವಾದ ತಲೆನೋವು ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸೋದು. ನಿಮಗೆ ಗೊತ್ತೇ ಇದೆ, ಒಂದು ಪಟ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ನನ್ನದು 2 ಪಟ್ಟಿ, ಸುಮಾರು 400 ಜನ. ಅದಕ್ಕೇ 3 ವಾರ ಮೊದಲೇ ಪ್ರತಿ ಪ್ಯಾಕೆಟ್ಟಿಗೂ ಹೊಸ ನಂಬರಿನ ಚೀಟಿ ಅಂಟಿಸಿದೆ. ಚೀಟಿಗೆ 350 ರೂಪಾಯಿ ಆಗಿರಬೇಕು. ಅದರಿಂದ ಸೇವ್ ಮಾಡಿಕೊಂಡವರು ಅರ್ಧವೂ ಇಲ್ಲ. ಆಮೇಲೆ ಒಂದು ಸಾಲಿನ ಮೆಸೇಜ್ ಕಳಿಸಿದೆ. ವಾರದಲ್ಲಿ 340 ದಾಟಿತು. ಆ ಸಾಲು ಏನು ಅಂತ ಇಲ್ಲಿ ಬರೆಯಲ್ಲ, ಪಕ್ಕದ ಬೀದಿಯಲ್ಲೂ ಪುಡಿ ಮಾರುವವರಿದ್ದಾರೆ.

ನಡುವೆ ಟೆಲಿಗ್ರಾಂ ಕೂಡ ನೋಡಿದೆ. ಅಲ್ಲಿ ಯೂಸರ್‌ನೇಮ್ ಇರುತ್ತೆ, ನಂಬರ್ ಬದಲಾದರೂ ಗಿರಾಕಿಗೆ ಗೊತ್ತಾಗಬೇಕಿಲ್ಲ. ಕನ್ನಡ ಅಕ್ಷರ ಹಾಕಿದೆ, ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಅಂಗಡಿ ಹೆಸರು ಹಾಕಿ ತಿಂಗಳು ಕಾದೆ. ಬಂದವರು ನಾಲ್ವರು, ನಾಲ್ವರೂ ಬೆಂಗಳೂರಿನ ಹುಡುಗರು. ಅಮ್ಮಂದಿರು ವಾಟ್ಸಾಪ್ ಬಿಟ್ಟು ಬರಲ್ಲ, ಪುಡಿ ತರಿಸುವವರು ಅವರೇ ಅಲ್ವಾ?

ಹಳೇ ಸಿಮ್ಮಿಗೆ 200 ಚಿಲ್ಲರೆ ರೀಚಾರ್ಜ್ ಮಾಡಿಸಿ, ಫೋನ್ ಮಾಡುವವರಿಗಾಗಿ 2 ತಿಂಗಳು ಇಟ್ಟುಕೊಂಡೆ. ಬ್ಯಾಂಕಿನ ನಂಬರ್ ಬದಲಾಯಿಸಿದ ಮೇಲೆಯೇ ಭಾವನ ಕೈಗೆ ಕೊಟ್ಟದ್ದು. ಈಗ ಅದರಲ್ಲಿ ಅವರ ವಾಟ್ಸಾಪ್ ಇದೆ. ಮೊನ್ನೆಯೂ ಅಲ್ಲಿಗೆ ಬಂದ ಒಂದು ಆರ್ಡರ್ ಫಾರ್ವರ್ಡ್ ಮಾಡಿದ್ದರು: 'ಅರ್ಧ ಕೆಜಿ, ಚಿಕೋರಿ ಬೇಡ.' ಕೆಳಗೆ ಅವರದ್ದೇ ಒಂದು ಸಾಲು: 'ನನಗೂ ಕಾಲು ಕೆಜಿ ಇಡು.'