ಹತ್ತಿದ್ನೋ, ಇಳಿದ್ನೋ: ನಾನು ಕಟ್ಟಿದ ಭಾಷೆಯ ವ್ಯಾಕರಣ

ನಾನು ಕಟ್ಟಿದ ಮೊದಲ ಭಾಷೆಗೆ 18 ವಿಭಕ್ತಿಗಳಿದ್ದವು. ಫಿನ್ನಿಷ್‌ನಲ್ಲಿ 15 ಇವೆ ಎಂದು ಓದಿ, ಅದಕ್ಕಿಂತ ಹೆಚ್ಚೇ ಇರಲಿ ಎಂದು ಸೇರಿಸಿದ್ದೆ. ಪದಗಳ ಸಾಲು ‘ಸ್ಟಾರ್ ಟ್ರೆಕ್’ ಸಿನಿಮಾಗಳಿಗಾಗಿ ಕಟ್ಟಿದ ಕ್ಲಿಂಗನ್ ಭಾಷೆಯಂತೆ: ಕರ್ಮ ಮೊದಲು, ಕರ್ತೃ ಕೊನೆಗೆ. ಎರಡು ವರ್ಷ ದುಡಿದರೂ ಅದರಲ್ಲಿ ಒಂದು ಮಾತು ಸಲೀಸಾಗಿ ಆಡಲು ಬರಲಿಲ್ಲ. ಅದನ್ನಾಡುವ ಜನ ಎಲ್ಲಿರುತ್ತಾರೆ, ಏನು ಬೆಳೆಯುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ದಾರಿ ತೋರಿಸಿದ್ದು ಅಜ್ಜಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ತಗ್ಗಿನಲ್ಲಿ ಅಡಿಕೆ ತೋಟ. ಒಂದು ಬೆಳಿಗ್ಗೆ ‘ಅಪ್ಪಯ್ಯ ಹೋದ್ರು’ ಅಂದೆ. ‘ಹೋದ ಅಂದ್ರೆ ಎಂತ ಗೊತ್ತಾಗುತ್ತೆ ಮಾರಾಯ? ಹತ್ತಿದ್ನೋ, ಇಳಿದ್ನೋ?’ ಹತ್ತಿದ್ದರೆ ಸೊಪ್ಪಿಗೆ, ಇಳಿದಿದ್ದರೆ ತೋಟಕ್ಕೆ. ತಿಂಡಿಗೆ ಎಷ್ಟು ಹೊತ್ತಿಗೆ ಬಂದಾರು ಎಂಬ ಲೆಕ್ಕವೂ ಅಜ್ಜಿಗೆ ಅದರಲ್ಲೇ ಸಿಗುತ್ತಿತ್ತು.

ಆ ಪ್ರಶ್ನೆಯನ್ನೇ ಪ್ರತ್ಯಯ ಮಾಡಿ ಎರಡನೇ ಭಾಷೆ ಶುರುಮಾಡಿದೆ. ಹೆಸರು ಹೊಳೆನುಡಿ. ‘ನೆವು’ ಎಂಬ ಧಾತುವಿನಿಂದ ‘ನೆವುರ’ ಅಂದರೆ ಏರಿ ಹೋದ, ‘ನೆವುಲ’ ಅಂದರೆ ಇಳಿದು ಹೋದ, ‘ನೆವುನ’ ಅಂದರೆ ಗುಡ್ಡದ ಮಗ್ಗುಲಲ್ಲೇ ಅಡ್ಡ ಹೋದ. ಬರೀ ‘ನೆವು’ ಮಾತೇ ಅಲ್ಲ. ಕನ್ನಡದಲ್ಲಿ ‘ಹೋದ’, ‘ಹೋದಳು’ ಅನ್ನುವಾಗ ಗಂಡೋ ಹೆಣ್ಣೋ ಹೇಳದೆ ವಿಧಿಯಿಲ್ಲವಲ್ಲ, ಹಾಗೆ. ಹೋಗು, ಬಾ ಇವಕ್ಕಷ್ಟೇ ಹಚ್ಚಿದ್ದಾಗ ಸಪ್ಪೆಯಾಗಿತ್ತು. ನೋಡು, ಕೊಡು, ಕರೆ ಎಲ್ಲಕ್ಕೂ ಹಚ್ಚಿದ ಮೇಲೆ ಜೀವ ಬಂತು. ‘ಕಾವುಲ’, ಕೆಳಮುಖವಾಗಿ ಕರೆದ, ಎಂದರೆ ಸಾಕು: ಓಗೊಡಬೇಕಾದವನು ತೋಟದಲ್ಲಿದ್ದಾನೆ.

ತೊಡಕಾಗಿದ್ದು ಮನೆಯೊಳಗೆ. ಸಮನೆಲದಲ್ಲಿ ಕೂತು ‘ಲೋಟ ಕೊಡು’ ಅನ್ನಲು ಯಾವ ಪ್ರತ್ಯಯ? ಎಲ್ಲಕ್ಕೂ ‘ನ’ ಹಚ್ಚಿ ನೋಡಿದೆ, ಅಡುಗೆಮನೆಯ ಮಾತೆಲ್ಲ ಒಂದೇ ರಾಗವಾಯಿತು. ಪಾಪುವಾ ನ್ಯೂಗಿನಿಯ ಯುಪ್ನೊ ಜನ ಮನೆಯೊಳಗೂ ಏರು-ಇಳಿ ಬಿಡುವುದಿಲ್ಲ. ಹೊರಗಿನ ಇಳಿಜಾರು ಎತ್ತಲೇ ಇರಲಿ, ಒಳಗೆ ಅವರಿಗೆ ಬಾಗಿಲ ಕಡೆಯೇ ಇಳಿ. ಇದನ್ನು ಓದಿದವನೇ ಎದ್ದು ಮನೆಯೆಲ್ಲ ಸುತ್ತಿದೆ. ನಮ್ಮ ಮನೆಯಲ್ಲಿ ನೀರು ಹೋಗುವುದು ಬಚ್ಚಲಿಗೆ. ಹಾಗಾಗಿ ಹೊಳೆನುಡಿಯವರಿಗೆ ಬಚ್ಚಲ ಕಡೆ ‘ಲ’, ದೇವರ ಕೋಣೆ ಕಡೆ ‘ರ’.

ಕಾಲಕ್ಕೂ ಇದೇ ಪ್ರತ್ಯಯ ಸಾಕಾಯಿತು. ಯುಪ್ನೊ ಜನರಿಗೆ ಮುಂಬರುವ ಕಾಲ ಏರಿನ ಕಡೆ. ಅದು ನನಗೆ ಮನವರಿಕೆಯಾದದ್ದು ಆಷಾಢದ ಮಳೆಯಲ್ಲಿ, ತುಂಗೆಯ ದಂಡೆಯಲ್ಲಿ ನಿಂತಾಗ. ಶೃಂಗೇರಿಯಲ್ಲಿ ಸುರಿದದ್ದು ಇನ್ನು ನಮ್ಮಲ್ಲಿಗೆ ಬರಬೇಕು. ನಮ್ಮನ್ನು ದಾಟಿದ್ದು ಶಿವಮೊಗ್ಗದತ್ತ ಹೋಗಿಯಾಯಿತು. ‘ನಾಳೆ’ಗೆ ‘ರ’ ಬಂತು, ‘ನಿನ್ನೆ’ಗೆ ‘ಲ’.

ಈಗ ಕೈಲಿರುವುದು ಅಂಬುತೀರ್ಥದ ಕಡೆಯವರ ಉಪಭಾಷೆ. ತುಂಗೆ ಮೂಡಣಕ್ಕೆ ಹರಿದರೆ, ನಮ್ಮದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಡುವಣದ ಕಡಲಿಗೆ ಇಳಿಯುತ್ತಾಳೆ. ಎರಡೂ ಕಡೆಯವರು ಸಂತೆಯಲ್ಲಿ ಎದುರುಬದುರು ಕೂತರೆ ‘ಲ’ ಯಾರ ಹೊಳೆಯದು? ಮೆಣಸಿನಕಾಳು ಮಾರುವ ಇಬ್ಬರ ಚೌಕಾಶಿಯೊಂದನ್ನು ಈ ವಾರ ಬರೆಯುತ್ತಿದ್ದೇನೆ.