ಹಳೆಯ ಸ್ಮಾರ್ಟ್‌ಫೋನನ್ನು ಊರಿನ ಸಂಗ್ರಹಾಲಯದಲ್ಲಿ ಕಾಪಿಡುವ ಬಗೆ

ಗಲ್ಫ್‌ನಿಂದ ರಜೆಯಲ್ಲಿ ಬಂದವರು ತಂದ ಹಳೆಯ ಸ್ಮಾರ್ಟ್‌ಫೋನುಗಳು ಕಾಸರಗೋಡಿನ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಬಿದ್ದಿವೆ. 2003ರ ನೋಕಿಯಾ 6600 ಆಗಲಿ, 2008ರಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್ ಆಗಲಿ, ನಿಮ್ಮ ಶಾಲೆಯ ಅಥವಾ ವಾಚನಾಲಯದ ಸಂಗ್ರಹಕ್ಕೆ ಬಂದರೆ, ಜೀವವಿದೆಯೇ ಎಂದು ನೋಡುವ ಆಸೆಯಿಂದ ಅದನ್ನು ಚಾರ್ಜಿಗೆ ಹಾಕಬೇಡಿ.

ವರ್ಷಗಟ್ಟಲೆ ಬರಿದಾಗಿ ಬಿದ್ದ ಲಿಥಿಯಂ-ಅಯಾನ್ ಬ್ಯಾಟರಿಯೊಳಗಿನ ತಾಮ್ರದ ಹಾಳೆ ಸ್ವಲ್ಪಸ್ವಲ್ಪವೇ ಕರಗಿ, ಮತ್ತೆ ಚಾರ್ಜ್ ಮಾಡಿದಾಗ ಒಳಗೇ ಶಾರ್ಟ್ ಆಗುವ ಸಂಭವವಿರುತ್ತದೆ. 6600ರಲ್ಲಿದ್ದ ಬಿಎಲ್-5ಸಿ ಮಾದರಿಯ ಬ್ಯಾಟರಿಗಳ ಪೈಕಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಾದ ಸುಮಾರು 4.6 ಕೋಟಿ ಬ್ಯಾಟರಿಗಳು ಚಾರ್ಜಿನ ವೇಳೆ ಅತಿಯಾಗಿ ಬಿಸಿಯಾಗಬಹುದೆಂದು ಕಂಪನಿಯೇ 2007ರಲ್ಲಿ ಎಚ್ಚರಿಸಿತ್ತು. ಆದ್ದರಿಂದ ಹಿಂಬದಿಯ ಮುಚ್ಚಳ ತೆಗೆದು, ಬ್ಯಾಟರಿಯ ಎರಡೂ ಬದಿಗಳ ಚಿತ್ರ ತೆಗೆದುಕೊಂಡು, ಅದನ್ನು ಫೋನಿನಿಂದ ಬೇರ್ಪಡಿಸಿರಿ. ಉಬ್ಬಿದ್ದರೆ ಒತ್ತಲೂ ಚುಚ್ಚಲೂ ಹೋಗದೆ ಒಣ ಮರಳಿರುವ ಲೋಹದ ಪಾತ್ರೆಯಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ. ಬ್ಯಾಟರಿಯ ಚಿತ್ರವೇ ಸಂಗ್ರಹದಲ್ಲಿ ಉಳಿದರೆ ಸಾಕು.

ನಮ್ಮ ಕಡೆ ಬ್ಯಾಟರಿಗಿಂತಲೂ ಹೆಚ್ಚು ಕಾಡುವುದು ತೇವ. ಆಟಿಯ ಮಳೆಯಲ್ಲಿ ಮುಚ್ಚಳ ಸಡಿಲವಾದ ಡಬ್ಬಿಯ ಹಪ್ಪಳ ಮೆತ್ತಗಾಗುವಂತೆ, ಆ ಕಾಲದ ಫೋನುಗಳ ಬೆನ್ನಿಗೆ ಬಳಿದ ರಬ್ಬರಿನಂಥ ನುಣುಪು ಲೇಪವೂ ತೇವ ಹೀರಿ ಒಡೆದು ಅಂಟಂಟಾಗುತ್ತದೆ. ಇದನ್ನು ಸ್ಪಿರಿಟ್ ಹಚ್ಚಿ ಒರೆಸಿದರೆ ಹೋಗುತ್ತದೆಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹೋಗುವುದೇನೋ ನಿಜ, ಆದರೆ ಅಂಟಿನ ಜೊತೆಗೆ ಮೂಲ ಮೇಲ್ಮೈಯೂ ಹೋಗುತ್ತದೆ. ಬಳಸುವ ಫೋನಿಗೆ ಸರಿಯಾದ ಈ ಉಪಾಯ ಸಂಗ್ರಹದ ಫೋನಿಗೆ ಸಲ್ಲದು. ಬದಲಾಗಿ, ಒಣ ಮೆತ್ತನೆಯ ಬ್ರಷ್ಷಿನಿಂದ ಧೂಳು ಮಾತ್ರ ತೆಗೆದು, ಅಂಟು ಬದಿಯನ್ನು ಮೇಲಕ್ಕೆ ಮಾಡಿ, ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್‌ನೊಂದಿಗೆ ಇಡಿರಿ. ಒಂದು ಅಗ್ಗದ ತೇವಮಾಪಕವನ್ನೂ ಒಳಗಿಟ್ಟು, ಅದು 50 ಶೇಕಡಾ ದಾಟಿದಾಗಲೆಲ್ಲ ಜೆಲ್ ಬದಲಿಸಬೇಕು. ರಬ್ಬರ್ ಬ್ಯಾಂಡ್ ಕಟ್ಟಬಾರದು, ಪಿವಿಸಿ ಚೀಲದಲ್ಲೂ ಹಾಕಬಾರದು. ಎರಡೂ ಕಾಲಕ್ರಮದಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಕಲೆ ಬಿಡುತ್ತವೆ. ಡ್ರೀಮ್‌ನಂತೆ ಜಾರುವ ಪರದೆಯಿದ್ದರೆ ಅದನ್ನು ಮುಚ್ಚಿಯೇ ಇಡಿ, ಬಂದವರಿಗೆಲ್ಲ ಜಾರಿಸಿ ತೋರಿಸಬೇಡಿ. ಪರದೆಗೂ ಕೀಲಿಮಣೆಗೂ ನಡುವಿನ ತೆಳು ಪಟ್ಟಿಯಂಥ ಕೇಬಲ್ ಪ್ರತಿ ಸಲವೂ ಮಡಚಿಕೊಂಡು ಸವೆಯುತ್ತದೆ.

ಸಿಮ್ ಕಾರ್ಡನ್ನು ಕೊಟ್ಟ ಮನೆಯವರಿಗೇ ಹಿಂದಿರುಗಿಸಿರಿ. ಮೆಮೊರಿ ಕಾರ್ಡಿನಲ್ಲಿರುವ ಚಿತ್ರಗಳನ್ನು ಅವರ ಒಪ್ಪಿಗೆ ಪಡೆದು ಈಗಲೇ ಪ್ರತಿ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಫ್ಲ್ಯಾಶ್ ಮೆಮೊರಿಯಲ್ಲಿ ಹಿಡಿದಿಟ್ಟ ವಿದ್ಯುದಾವೇಶ ವರ್ಷ ಕಳೆದಂತೆ ಸೋರುತ್ತದೆ.

ದಾಖಲೆ ಪುಸ್ತಕದಲ್ಲಿ ಮಾದರಿ, ಅಳತೆ ಮತ್ತು ಈಗಿನ ಸ್ಥಿತಿಯನ್ನು ಬರೆದರೆ ಕೆಲಸ ಅರ್ಧ ಮಾತ್ರ ಆದಂತೆ. ಯಾರು, ಯಾವ ವರ್ಷ, ಯಾವ ಊರಿನಿಂದ ತಂದರು, ಮನೆಯಲ್ಲಿ ಅದನ್ನು ಯಾರು ಯಾರು ಬಳಸಿದರು ಎಂಬುದನ್ನು, ಹೇಳಬಲ್ಲವರು ಇರುವಾಗಲೇ ಕೇಳಿ ಬರೆಯಿರಿ. ಚಾರ್ಜರನ್ನು ಎಸೆಯಬೇಡಿ: ದುಬೈಯಲ್ಲಿ ಕೊಂಡ ಚಾರ್ಜರಿಗೆ ಮೂರು ಚಪ್ಪಟೆ ಪಿನ್ನುಗಳಿದ್ದು, ನಮ್ಮ ಗೋಡೆಯ ಪ್ಲಗ್ಗಿಗೆ ಅದು ಹೊಂದದೆ ನಡುವೆ ಇನ್ನೊಂದು ಅಡಾಪ್ಟರ್ ಬೇಕಾಗುತ್ತಿತ್ತು. ಆ ಅಡಾಪ್ಟರ್ ಸಿಕ್ಕಿದರೆ ಅದಕ್ಕೂ ಪ್ರತ್ಯೇಕ ಸಂಖ್ಯೆ ಕೊಡಿ. ಫೋನು ಬಂದ ದಾರಿಯನ್ನು ಫೋನಿಗಿಂತ ಸ್ಪಷ್ಟವಾಗಿ ಅದು ಹೇಳುತ್ತದೆ. ಸಂಖ್ಯೆಯನ್ನು ವಸ್ತುವಿನ ಮೇಲೆ ಶಾಯಿಯಲ್ಲಿ ಬರೆಯದೆ, ಹತ್ತಿ ನೂಲಿನಲ್ಲಿ ಕಟ್ಟಿದ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು.

ಪ್ರದರ್ಶನದ ಫಲಕವನ್ನು ಕನ್ನಡದಲ್ಲಿ ಬರೆಯುವಾಗ ಒಂದು ಸಂಗತಿಯನ್ನು ಸೇರಿಸಲು ಮರೆಯದಿರಿ: ಆಂಡ್ರಾಯ್ಡ್ ಕನ್ನಡ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಬೆಂಬಲ ಸೇರಿಸಿಕೊಂಡದ್ದು 2012ರ 4.1 ಆವೃತ್ತಿಯಲ್ಲಿ. ಡ್ರೀಮ್ ಫೋನು ಚಾಲೂ ಇದ್ದ ದಿನಗಳಲ್ಲಿ ತನ್ನ ಪಕ್ಕದ ಈ ಫಲಕವನ್ನು ಪರದೆಯ ಮೇಲೆ ತೋರಿಸಲಾರದೆ ಇತ್ತು.